ಎಲೆ ಮೂರು, ಆಟಗಾರರು ಐದು

"ಕವನ ಕೊಡು, ಇಲ್ಲವೇ ಕಥೆ ಕೊಡು" ಎಂದು ಸಂಪಾದಕರು ಹದಿನೈದು ದಿನಗಳಿಂದ ಬೆನ್ನು ಹತ್ತಿದ್ದಾರೆ. ಎರಡೂ ನನ್ನಿಂದಾಗದ ಕೆಲಸ. ಹತ್ತನೆಯ ತನಕ ಕುಂದಾಪುರದ ಕಡೆಯ ಕನ್ನಡ ಶಾಲೆಯಲ್ಲಿ ಕಲಿತು, ಆಮೇಲೆ ದೊಡ್ಡಪ್ಪನ ಮನೆಗೆಂದು ಡೊಂಬಿವಲಿಗೆ ಬಂದು, ಡೆಬಿಟ್ಟು-ಕ್ರೆಡಿಟ್ಟಿನ ನಡುವೆ ಸಿಕ್ಕಿಬಿದ್ದವನಿಗೆ ಗೊತ್ತಿರುವ ವಿದ್ಯೆ ಎರಡೇ. ಒಂದು ಲೆಕ್ಕ, ಇನ್ನೊಂದು ಇಸ್ಪೀಟು. ಆದ್ದರಿಂದ ಈ ಸಂಚಿಕೆಗೆ ಇಸ್ಪೀಟಿನ ಮೇಲೆಯೇ ಬರೆಯುತ್ತಿದ್ದೇನೆ. ಸಾಹಿತ್ಯ ವಿಭಾಗದ ಮಿತ್ರರು ಮೂಗು ಮುರಿಯುವ ಮೊದಲು ಒಂದು ಮಾತು. ಜೂಜು ಸಾಹಿತ್ಯಕ್ಕೆ ಹೊಸದೇನೂ ಅಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಗೋಳಿನ ಸೂಕ್ತವೇ ಉಂಟು. ಸಭಾಪರ್ವದ ದ್ಯೂತವಿಲ್ಲದಿದ್ದರೆ ಭಾರತದ ಕಥೆ ಇಂದ್ರಪ್ರಸ್ಥದಲ್ಲೇ ಮುಗಿದುಹೋಗುತ್ತಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಆಟಗಳನ್ನು 'ಶ್ರೀತತ್ತ್ವನಿಧಿ'ಯಲ್ಲಿ ಸೇರಿಸಿದರು. ಇತ್ತ ಮಹಾರಾಷ್ಟ್ರದ ಸಾವಂತವಾಡಿಯ ದಶಾವತಾರ ಗಂಜೀಫಾದಲ್ಲಿ 120 ದುಂಡು ಎಲೆಗಳಿವೆ. ಅರಮನೆಗೆ ಬೇಡವಾಗದ್ದು ನಮ್ಮ ಸಂಘಕ್ಕೇಕೆ ಬೇಡವಾಗಬೇಕು?

ನಾನು ಹೇಳಹೊರಟದ್ದು ಆಟದ ನಿಯಮಗಳನ್ನಲ್ಲ, ಆಡುವವರ ಸ್ವಭಾವವನ್ನು. ಒಂದೇ ಕಟ್ಟಿನ ಎಲೆಗಳನ್ನು ಹಿಡಿದ ಐದು ಮಂದಿ ಐದು ರೀತಿ ಆಡುತ್ತಾರೆ. ಏಕೆ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತುಂಟು ಎಂದು ಬಹಳ ದಿನ ಜಂಭಪಟ್ಟುಕೊಂಡಿದ್ದೆ. ಕಳೆದ ಗಣಪತಿ ಹಬ್ಬದಲ್ಲಿ ಆ ಜಂಭ ಇಳಿಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ರಮ್ಮಿ ಅಲ್ಲ, ಮೂರೆಲೆ

ನಮ್ಮ ಲೈನಿನವರಿಗೆ ಇಸ್ಪೀಟು ಎಂದೊಡನೆ ನೆನಪಾಗುವುದು ಲೋಕಲ್ ಗಾಡಿಯ ರಮ್ಮಿ. ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ.ಗೆ ಒಂದು ಗಂಟೆಗೂ ಮೇಲಿನ ಪ್ರಯಾಣ. ನಾಲ್ಕು ಮಂದಿಯ ಮೊಣಕಾಲುಗಳ ಮೇಲೆ ಒಂದು ಬ್ರೀಫ್‌ಕೇಸು, ಅದರ ಮೇಲೆ ಎಲೆ. ಸುತ್ತ ನಿಂತವರು ಬಿಟ್ಟಿ ಸಲಹೆಗಾರರು. ನನ್ನ ದೊಡ್ಡಪ್ಪ ಫೋರ್ಟಿನ ಆಫೀಸಿಗೆ ಹೋಗಿಬರುತ್ತಿದ್ದಷ್ಟು ವರ್ಷವೂ ಹೀಗೆಯೇ ಆಡಿದವರು. ರಮ್ಮಿಯಲ್ಲಿ ಕೈಗೆ 13 ಎಲೆ ಬರುತ್ತದೆ. ಬೇಡದ್ದನ್ನು ಎಸೆಯಬಹುದು, ಬೇಕಾದ್ದನ್ನು ಎತ್ತಬಹುದು, ಎದುರಿನವ ಎಸೆದದ್ದನ್ನು ನೆನಪಿಡಬಹುದು. ಅಲ್ಲಿ ಎಲೆಯ ಜೊತೆ ಮಾಡುವ ಕೆಲಸ ಬಹಳ.

ನಾವು ಆಡುವುದು ಮೂರೆಲೆ, ಅರ್ಥಾತ್ ತೀನ್ ಪತ್ತಿ. ಇದು ಇಂಗ್ಲೆಂಡಿನ ಬ್ರ್ಯಾಗ್ ಎಂಬ ಆಟದ ಸಂತಾನ, ಅಮೆರಿಕದ ಪೋಕರಿಗೆ ಸಂಬಂಧದಲ್ಲಿ ದಾಯಾದಿ. ಎಲ್ಲರೂ ಮೊದಲು 'ಬೂಟ್' ಎಂದು ಒಂದಿಷ್ಟು ನಡುವೆ ಹಾಕಬೇಕು. ತಲಾ ಮೂರು ಎಲೆ. ನೋಡದೆ ಆಡಿದರೆ ಬ್ಲೈಂಡ್. ನೋಡಿ ಆಡಿದರೆ ಚಾಲ್, ಅದಕ್ಕೆ ಬ್ಲೈಂಡಿನವನ ಎರಡರಷ್ಟು ಹಾಕಬೇಕು. ಬೇಡವೆಂದರೆ ಪ್ಯಾಕ್. ಕೊನೆಗೆ ಇಬ್ಬರೇ ಉಳಿದಾಗ ದುಡ್ಡು ಹಾಕಿ ಶೋ ಕೇಳಬಹುದು. ಎಲೆ ಬದಲಿಸುವಂತಿಲ್ಲ, ಎತ್ತುವಂತಿಲ್ಲ. ಬಂದದ್ದು ಬಂತು.

52 ಎಲೆಗಳಿಂದ ಮೂರನ್ನು ಆರಿಸುವ ರೀತಿಗಳು ಒಟ್ಟು 22,100. ಅದರಲ್ಲಿ ಟ್ರೈಲ್, ಅಂದರೆ ಮೂರೂ ಒಂದೇ ಬಗೆ, ಕೇವಲ 52. ಪ್ಯೂರ್ ಸೀಕ್ವೆನ್ಸ್ 48, ಸಾದಾ ಸೀಕ್ವೆನ್ಸ್ 720, ಕಲರ್ 1,096, ಜೋಡಿ 3,744. ಉಳಿದ 16,440 ಕೈಗಳು ಏನೂ ಇಲ್ಲದ ಖಾಲಿ ಕೈಗಳು. (ಒಂದು ತಮಾಷೆ ಗಮನಿಸಿ. ಪ್ಯೂರ್ ಸೀಕ್ವೆನ್ಸ್ ಟ್ರೈಲಿಗಿಂತ ಅಪರೂಪ, ಆದರೂ ಪಂಕ್ತಿಯಲ್ಲಿ ಟ್ರೈಲೇ ಮೇಲೆ.) ಅಂದರೆ ನಾಲ್ಕು ಸಲ ಎಲೆ ಎತ್ತಿದರೆ ಸುಮಾರು ಮೂರು ಸಲ ಕೈ ಖಾಲಿ. ಎಲ್ಲರಿಗೂ ಹೀಗೆಯೇ. ಸುಪ್ರೀಂ ಕೋರ್ಟು 1967ರ ನವೆಂಬರಿನಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ತೀರ್ಪು ಕೊಡುವಾಗ, ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯಂಥದ್ದು ಬರೀ ಅದೃಷ್ಟದ ಆಟ ಎಂದು ಬೇರೆ ಮಾಡಿತು. ಕೋರ್ಟಿನ ಮಾತಿಗೆ ಎದುರಾಡಲು ನಾನು ಯಾರು? ಎಲೆ ಬರುವುದು ಅದೃಷ್ಟವೇ. ಆದರೆ ಪ್ಯಾಕ್ ಮಾಡುವುದು ಅದೃಷ್ಟವಲ್ಲ, ಅದು ಮನುಷ್ಯ ಮಾಡುವ ಕೆಲಸ. ಎಲೆಯೊಡನೆ ಮಾಡಲು ಏನೂ ಇಲ್ಲದ್ದರಿಂದ ಮೂರೆಲೆಯಲ್ಲಿ ಉಳಿಯುವುದು ಒಂದೇ ಪ್ರಶ್ನೆ: ದುಡ್ಡು ಹಾಕುತ್ತೀಯೋ, ಇಲ್ಲವೋ? ಅದಕ್ಕೇ ಈ ಆಟದಲ್ಲಿ ಮನುಷ್ಯ ಬೇಗ ಕಾಣಸಿಗುತ್ತಾನೆ ಎಂದು ನನ್ನ ನಂಬಿಕೆ.

ನಾಲ್ಕು ಜಾತಿ

ಪೋಕರಿನ ಪಂಡಿತರು ಆಟಗಾರರನ್ನು ಎರಡು ಅಳತೆಗೋಲಿನಿಂದ ಅಳೆಯುತ್ತಾರೆ. ಮೊದಲನೆಯದು, ಎಷ್ಟು ಕೈಗಳನ್ನು ಆಡುತ್ತಾನೆ ಎಂಬುದು. ಆರಿಸಿ ಆರಿಸಿ ಆಡುವವ ಬಿಗಿ, ಸಿಕ್ಕಿದ್ದೆಲ್ಲ ಆಡುವವ ಸಡಿಲ. ಎರಡನೆಯದು, ಆಡುವಾಗ ಹೇಗೆ ಆಡುತ್ತಾನೆ ಎಂಬುದು. ತಾನೇ ಏರಿಸುತ್ತ ಹೋಗುವವ ಬಿರುಸು, ಬೇರೆಯವರು ಹಾಕಿದಷ್ಟನ್ನೇ ಹಾಕಿ ಹಿಂದೆ ಬರುವವ ಮೆತ್ತಗೆ. ಇವೆರಡನ್ನು ಕೂಡಿಸಿದರೆ ನಾಲ್ಕು ಜಾತಿ: ಬಿಗಿ-ಬಿರುಸು, ಬಿಗಿ-ಮೆತ್ತಗೆ, ಸಡಿಲ-ಬಿರುಸು, ಸಡಿಲ-ಮೆತ್ತಗೆ. ಹೆಚ್ಚಾಗಿ ಗೆಲ್ಲುವವ ಬಿಗಿ-ಬಿರುಸಿನವ, ಮೆಲ್ಲಮೆಲ್ಲಗೆ ಎಲ್ಲವನ್ನೂ ಕಳಕೊಳ್ಳುವವ ಸಡಿಲ-ಮೆತ್ತಗಿನವ ಎಂದು ಶಾಸ್ತ್ರ ಹೇಳುತ್ತದೆ.

ಈಗ ನಮ್ಮ ಐದು ಮಂದಿಯನ್ನು ಪರಿಚಯಿಸುತ್ತೇನೆ. ಹೆಸರು ಹಾಕಿದರೆ ಈ ಸಂಚಿಕೆಯನ್ನು ಸುರುಳಿ ಸುತ್ತಿ ನನಗೇ ಹೊಡೆದಾರು. ಅಡ್ಡಹೆಸರೇ ಸಾಕು.

ಒಬ್ಬ 'ಬ್ಲೈಂಡ್ ಮಹಾರಾಜ'. ಠಾಣೆಯವನು, ತಂದೆಯದು ಸ್ವಂತ ಹೊಟೇಲು. ಎಲೆ ನೋಡುವುದೆಂದರೆ ಅವನಿಗೆ ಅವಮಾನ. ಮೂರು ಸುತ್ತು ಬ್ಲೈಂಡಿನಲ್ಲೇ ಏರಿಸುತ್ತಾನೆ. ಕೈ ಖಾಲಿಯೆಂದು ಗೊತ್ತಾದ ಮೇಲೂ ಏರಿಸುತ್ತಾನೆ. ಸೋತರೆ ನಗುತ್ತಾನೆ, ಗೆದ್ದರೆ ಎಲ್ಲರಿಗೂ ವಡಾಪಾವ್ ತರಿಸುತ್ತಾನೆ. ಶಾಸ್ತ್ರದ ಪ್ರಕಾರ ಸಡಿಲ-ಬಿರುಸು. "ಧೈರ್ಯ ಅಂದ್ರೆ ಇವನದ್ದು" ಎಂದು ನಾವೆಲ್ಲ ಹೊಗಳುತ್ತಿದ್ದೆವು.

ಇನ್ನೊಬ್ಬ 'ನೋಡುವಾ'. ನೆರೂಳಿನಿಂದ ಠಾಣೆಗೆ ಬಂದು ಅಲ್ಲಿ ಗಾಡಿ ಬದಲಿಸಿ ನಮ್ಮಲ್ಲಿಗೆ ಬರುತ್ತಾನೆ. ಇಷ್ಟು ದೂರ ಬಂದು ಪ್ಯಾಕ್ ಮಾಡುವುದೇ ಎಂದು ಅವನ ವಾದ. ತಾನಾಗಿ ಒಂದು ರೂಪಾಯಿ ಏರಿಸಿದವನಲ್ಲ, ಆದರೆ ಬಿಟ್ಟವನೂ ಅಲ್ಲ. "ಎಂತ ಉಂಟು ನೋಡುವಾ ಮಾರಾಯ" ಎಂದು ಕೊನೆತನಕ ಹಾಕುತ್ತಲೇ ಬರುತ್ತಾನೆ. ಎದುರಿನವನ ಎಲೆ ನೋಡದಿದ್ದರೆ ಆ ರಾತ್ರಿ ಅವನಿಗೆ ನಿದ್ದೆ ಬಾರದು. ಸಡಿಲ-ಮೆತ್ತಗೆ. ಇವನ ಎದುರು ಬ್ಲಫ್ ಮಾಡುವವ ಮೂರ್ಖ, ಏಕೆಂದರೆ ಹೆದರಿಸಿದರೆ ಹೆದರಲು ಇವನಿಗೆ ಬಿಡುವೇ ಇಲ್ಲ.

ಮೂರನೆಯವ 'ಭಾಗವತ', ನಮ್ಮದೇ ಬಿಲ್ಡಿಂಗಿನವ. ಆಟದುದ್ದಕ್ಕೂ ಬಾಯಿ ನಿಲ್ಲದು. ಮೇಳದ ಭಾಗವತರಂತೆ ಎಲ್ಲರ ಪ್ರವೇಶಕ್ಕೂ ಒಂದು ಪದ್ಯ, ಒಂದು ಟೀಕೆ. ಇವನ ಗುಟ್ಟು ನನಗೆ ಆರು ತಿಂಗಳಲ್ಲಿ ತಿಳಿಯಿತು. ಕೈ ಖಾಲಿಯಿದ್ದಾಗ ಮಾತು ಜಾಸ್ತಿ, ಒಳ್ಳೆಯ ಎಲೆ ಬಂದಾಗ ಗಂಟಲು ಕಟ್ಟುತ್ತದೆ. ಅವನು ಮೌನವಾದರೆ ನಾನು ಸುಮ್ಮನೆ ಪ್ಯಾಕ್ ಮಾಡುತ್ತೇನೆ.

ನಾಲ್ಕನೆಯವ 'ಪಾಸ್‌ಬುಕ್'. ಕಲ್ಯಾಣದ ಸ್ಟೇಷನ್ ಹತ್ತಿರ ಹೊಟೇಲೊಂದರ ಕೌಂಟರಿನಲ್ಲಿ ಮಧ್ಯಾಹ್ನದ ಮೇಲೆ ಕೆಲಸ, ಬೆಳಿಗ್ಗೆ ನಮ್ಮ ಜೊತೆ ಕ್ಲಾಸು. ನನ್ನ ಊರ ಕಡೆಯವನೇ. ಎಲೆಗಳನ್ನು ಒಂದೊಂದಾಗಿ, ಅಂಚು ಮಾತ್ರ ತೆರೆದು ನೋಡುತ್ತಾನೆ. ಜೋಡಿಗಿಂತ ಕಡಿಮೆಯಾದರೆ ಆ ಕ್ಷಣವೇ ಪ್ಯಾಕ್. ಜೋಡಿ ಬಂದರೂ ಯಾರಾದರೂ ಎರಡು ಸಲ ಏರಿಸಿದರೆ ಪ್ಯಾಕ್. ಬಿಗಿ-ಮೆತ್ತಗೆ. ನಾವು ಇಟ್ಟ ಇನ್ನೊಂದು ಹೆಸರು 'ಪುಕ್ಕಲ'.

ಐದನೆಯವ ನಾನು, 'ಆಡಿಟರ್'. ಮೇಲೆ ಬರೆದ 22,100ರ ಲೆಕ್ಕ ಬಾಯಿಪಾಠ. ಹೆಚ್ಚಾಗಿ ಪ್ಯಾಕ್ ಮಾಡುತ್ತೇನೆ, ಆಡಲು ಕೂತರೆ ಏರಿಸುತ್ತೇನೆ. ಬಿಗಿ-ಬಿರುಸು, ಶಾಸ್ತ್ರಕ್ಕೆ ಸರಿಯಾದ ಆಟಗಾರ. ಅಮಾಯಕರಂತೆ ಬರೆದರೆ ಏನು ಬಂತು, ನಾನೇ ಹೆಚ್ಚು ಗೆಲ್ಲುತ್ತಿದ್ದೆ.

ಗಣಪತಿಯ ಜಾಗರಣೆ

ನಮ್ಮ ಸೊಸೈಟಿಯ ಗಣಪತಿ ಐದು ದಿನದ್ದು. ರಾತ್ರಿ ಪೆಂಡಾಲು ಕಾಯಲು ಹುಡುಗರು ಬೇಕು, ನಿದ್ದೆ ಬಾರದಿರಲು ಎಲೆ ಬೇಕು. ಈ ಊರಿನಲ್ಲಿ ಇದು ಗಲ್ಲಿಗಲ್ಲಿಯ ಪದ್ಧತಿ. ಪಕ್ಕದ ಕೋಣೆಯಲ್ಲಿ ಚಾದರ ಹಾಸಿ ಕೂತೆವು. ಬೇರೆ ದಿನ ಬೂಟ್ ಒಂದು ರೂಪಾಯಿ. ಆ ರಾತ್ರಿ ಮಹಾರಾಜ "ಗಣಪತಿ ಸ್ಪೆಷಲ್" ಎಂದು ಐದು ಮಾಡಿದ. ಯಾರೂ ಬೇಡವೆನ್ನಲಿಲ್ಲ. ಪಾಸ್‌ಬುಕ್ ಮಾತ್ರ ಒಮ್ಮೆ ಬಾಗಿಲ ಕಡೆ ನೋಡಿದ. ಎದ್ದುಹೋಗಲು ಕಲ್ಯಾಣಕ್ಕೆ ಕೊನೆಯ ಗಾಡಿಯೂ ಹೋಗಿತ್ತು.

ಎರಡು ಗಂಟೆಯ ಹೊತ್ತಿಗೆ ಒಂದು ಆಟದಲ್ಲಿ ನಾವಿಬ್ಬರೇ ಉಳಿದೆವು, ಅವನು ಮತ್ತು ನಾನು. ನನ್ನ ಕೈಯಲ್ಲಿ ದೊಡ್ಡ ಎಲೆಯೆಂದರೆ ಒಂಬತ್ತು. ಅಂದರೆ ಕಸ. ಆದರೆ ಎದುರಿಗೆ ಕೂತವನು ಪಾಸ್‌ಬುಕ್ ಅಲ್ಲವೇ? ಎಂಬತ್ತು ರೂಪಾಯಿ ಹಾಕಿದೆ. ಅವನು ಎಲೆಯನ್ನು ಮತ್ತೊಮ್ಮೆ ಅಂಚು ತೆರೆದು ನೋಡಿದ, ಜೇಬಿಗೆ ಕೈ ಹಾಕಿದ, ಕೈಯನ್ನು ಖಾಲಿಯೇ ತೆಗೆದ. ಪ್ಯಾಕ್. ನಾನು ನನ್ನ ಒಂಬತ್ತನ್ನು ಎಲ್ಲರಿಗೂ ಎತ್ತಿ ತೋರಿಸಿದೆ. ಭಾಗವತ ಬಿದ್ದು ಬಿದ್ದು ನಕ್ಕ. ಅಷ್ಟಕ್ಕೆ ಬಿಡದೆ ನಾನು ಅವನ ಎಲೆಗಳನ್ನೂ ಮಗುಚಿದೆ. ಮೂರೂ ಆಟೀನು. ಕಲರ್!

ಲೆಕ್ಕ ನೋಡಿ. ಕಲರಿಗಿಂತ ಕೆಳಗಿನ ಕೈಗಳು 22,100ರಲ್ಲಿ 20,184. ನೂರಕ್ಕೆ 91 ಪಾಲು ಅವನೇ ಮೇಲೆ. ನಡುವೆ ಮುನ್ನೂರರ ಹತ್ತಿರ ಹತ್ತಿರ ದುಡ್ಡು. ಎಂಬತ್ತು ಹಾಕಿ ಶೋ ಕೇಳಿದ್ದರೆ ಸಾಕಿತ್ತು. "ಕಲರ್ ಇಟ್ಟುಕೊಂಡು ಓಡಿದ ಪುಕ್ಕಲ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನೇ.

ಬ್ಲಫ್ ಎಂಬುದು ಮೋಸವಲ್ಲ, ಆಟದ ಅಂಗ. ಫಾನ್ ನಾಯ್ಮನ್ ಎಂಬ ಗಣಿತಜ್ಞ 1928ರಲ್ಲಿ ಆಟಗಳ ಗಣಿತದ ಮೇಲೆ ಪ್ರಬಂಧ ಬರೆದು, 1944ರಲ್ಲಿ ಮಾರ್ಗೆನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞನೊಡನೆ ಅದನ್ನು ದೊಡ್ಡ ಗ್ರಂಥವನ್ನಾಗಿ ಬೆಳೆಸಿದ. ಅದರಲ್ಲಿ ಪೋಕರಿನ ಬ್ಲಫ್‌ಗೆ ಪ್ರತ್ಯೇಕ ಭಾಗವೇ ಉಂಟು. ಬ್ಲಫ್‌ಗೆ ಎರಡು ಕಾರಣ. ಬಲವಿಲ್ಲದಾಗ ಬಲವಿದೆ ಎಂದು ತೋರಿಸುವುದು ಒಂದು. ಆಗಾಗ ಸಿಕ್ಕಿಬಿದ್ದು, ಬಲವಿದ್ದಾಗಲೂ ಎದುರಿನವ ಸಂಶಯಪಟ್ಟು ದುಡ್ಡು ಹಾಕುವಂತೆ ಮಾಡುವುದು ಇನ್ನೊಂದು. ಆದ್ದರಿಂದ ಬ್ಲಫ್ ಮಾಡಿದ್ದಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೆ ಎಲೆ ಮಗುಚಿದ್ದಕ್ಕೆ.

ಏಕೆಂದರೆ ಆಮೇಲಿನ ಆಟಗಳಲ್ಲಿ ಪಾಸ್‌ಬುಕ್ ತಾನು ಪುಕ್ಕಲನಲ್ಲ ಎಂದು ತೋರಿಸಲು ಹೊರಟ. ಬ್ಲೈಂಡ್ ಆಡಿದ, ಏರಿಸಿದ, ಖಾಲಿ ಕೈಯಲ್ಲಿ ಶೋ ಕೇಳಿದ. ಜೇಬು ಮುಗಿದ ಮೇಲೆ ನಾನೇ 180 ರೂಪಾಯಿ ಸಾಲ ಕೊಟ್ಟೆ, ಅದನ್ನೂ ನಾನೇ ಗೆದ್ದೆ. ಬೆಳಗಿನ ಆರತಿಯ ಹೊತ್ತಿಗೆ ಅವನು ಒಟ್ಟು 640 ರೂಪಾಯಿ ಸೋತಿದ್ದ. ಎರಡು ವಾರದ ನಂತರ ನನ್ನ 180 ರೂಪಾಯಿಯನ್ನು ಹತ್ತು-ಇಪ್ಪತ್ತರ ನೋಟುಗಳಲ್ಲಿ ತಂದುಕೊಟ್ಟ. ನಾನು ಎಣಿಸಿ ತೆಗೆದುಕೊಂಡೆ. ಮರುದಿನ ಕಾಲೇಜಿನ ಫೀ ಕಿಟಕಿಯ ಹತ್ತಿರ ಅವನ ಕೈಯಲ್ಲಿ ಒಂದು ರಸೀದಿ ಕಂಡೆ. ಪರೀಕ್ಷೆಯ ಫಾರ್ಮು, ಲೇಟ್ ಫೀ ಸಮೇತ. ಗಣಪತಿಯ ರಾತ್ರಿ ಅವನ ಜೇಬಿನಲ್ಲಿದ್ದದ್ದು ಆ ಫೀ ದುಡ್ಡು.

ಶಕುನಿಯ ಧೈರ್ಯ

ಆಗ ನನಗೆ ಹೊಳೆದದ್ದನ್ನು ಹೇಳಲೆಂದೇ ಈ ಲೇಖನ. ಯಾವುದನ್ನು ನಾವು ಅವನ ಸ್ವಭಾವ ಎಂದು ಕರೆದೆವೋ ಅದು ಅವನ ಜೇಬು. ಮಹಾರಾಜನ ಧೈರ್ಯವೂ ಅಷ್ಟೇ.

ಇದು ನನ್ನ ಶೋಧವಲ್ಲ. ಡೇನಿಯಲ್ ಬರ್ನೂಲಿ ಎಂಬಾತ 1738ರಲ್ಲೇ ಜೂಜಿನ ಲೆಕ್ಕದ ಬಗ್ಗೆ ಬರೆಯುತ್ತ, ಒಂದೇ ಮೊತ್ತದ ದುಡ್ಡು ಬಡವನಿಗೂ ಸಾಹುಕಾರನಿಗೂ ಒಂದೇ ತೂಕವಲ್ಲ ಎಂದ. ನಮ್ಮ ಪಠ್ಯದಲ್ಲಿ 'ಸೀಮಾಂತ ತುಷ್ಟಿಗುಣ' ಎಂದು ಉರು ಹೊಡೆದದ್ದು ಇದರ ಮುಂದುವರಿಕೆಯೇ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಅಂಕ ಗಿಟ್ಟಿಸಿದ್ದೇನೆ. ಆದರೆ ಚಾದರದ ಮೇಲೆ ಕೂತಾಗ ನೆನಪಾಗಲಿಲ್ಲ. ನನಗೆ ಆ ಎಂಬತ್ತು ರೂಪಾಯಿ ಒಂದು ಅಂಕಿ, ಮಹಾರಾಜನಿಗೆ ವಡಾಪಾವ್, ಪಾಸ್‌ಬುಕ್‌ಗೆ ಅದು ಫಾರ್ಮಿನ ಒಂದು ತುಂಡು. ನೂರಕ್ಕೆ 91 ಗೆಲ್ಲುವ ಲೆಕ್ಕ ಸರಿಯೇ. ಆದರೆ ಉಳಿದ ಒಂಬತ್ತು ಬಂದರೆ ತಾಳಿಕೊಳ್ಳಲು ಏನಾದರೂ ಇರಬೇಕಲ್ಲ? ಇಲ್ಲದವನು ಪ್ಯಾಕ್ ಮಾಡುವುದು ಪುಕ್ಕಲುತನವಲ್ಲ, ಅದೂ ಒಂದು ಲೆಕ್ಕವೇ.

ಸಭಾಪರ್ವವನ್ನು ಈ ಕಣ್ಣಿನಿಂದ ಮತ್ತೆ ನೋಡಿ. ಶಕುನಿ ಕಪಟಿ, ದಾಳದಲ್ಲಿ ನಿಪುಣ ಎಂದು ನಾವು ಕೇಳುತ್ತ ಬಂದಿದ್ದೇವೆ. ಆದರೆ ಅಲ್ಲಿ ಪಣಕ್ಕೆ ಇದ್ದದ್ದು ದುರ್ಯೋಧನನ ಸಂಪತ್ತು, ದಾಳ ಉರುಳಿಸಿದ್ದು ಶಕುನಿಯ ಕೈ. ಸೋತರೆ ಶಕುನಿಗೆ ಹೋಗುವುದೇನೂ ಇರಲಿಲ್ಲ. ಎದುರಿಗೆ ಧರ್ಮರಾಯ ತನ್ನದನ್ನೇ ಇಟ್ಟು ಆಡುತ್ತಿದ್ದ. ಕಳೆದದ್ದನ್ನು ಮರಳಿ ಪಡೆಯಲೆಂದು ಇನ್ನಷ್ಟು ಇಟ್ಟ, ತಮ್ಮಂದಿರನ್ನಿಟ್ಟ, ತನ್ನನ್ನೇ ಇಟ್ಟ, ಕೊನೆಗೆ ದ್ರೌಪದಿಯನ್ನೂ ಇಟ್ಟ. ಕಳೆದುಕೊಳ್ಳಲು ಏನೂ ಇಲ್ಲದವನ ಕೈ ನಡುಗದಿರುವುದರಲ್ಲಿ ಆಶ್ಚರ್ಯವೇನು? ಗಣಪತಿಯ ರಾತ್ರಿ ನಮ್ಮಲ್ಲಿ ಕಪಟವೇನೂ ನಡೆಯಲಿಲ್ಲ. ಆದರೂ ಆಟ ಸರಿಸಮವಾಗಿತ್ತು ಎಂದು ನಾನು ಹೇಳಲಾರೆ.

ಹುಣಸೆ ಬೀಜದ ಪರೀಕ್ಷೆ

ದಸರಾ ರಜೆಯಲ್ಲಿ ಒಂದು ಪ್ರಯೋಗ ಮಾಡಿದೆವು. ದೊಡ್ಡಮ್ಮ ಊರಿನ ಹುಳಿ ಬಿಡಿಸಿ ತೆಗೆದಿಟ್ಟ ಹುಣಸೆ ಬೀಜ ಒಂದು ಡಬ್ಬಿ ಇತ್ತು. ತಲಾ ನಲವತ್ತು ಬೀಜ ಹಂಚಿದೆ. ಮುಗಿದರೆ ಮುಗಿಯಿತು, ಮತ್ತೆ ಕೊಳ್ಳುವಂತಿಲ್ಲ, ಸಾಲ ಇಲ್ಲ. ಎಲ್ಲರ ಜೇಬೂ ಒಂದೇ ಎಂದಾದಾಗ ಸ್ವಭಾವ ಎಷ್ಟು ಉಳಿಯುತ್ತದೆ ನೋಡುವಾ ಎಂದು ನನ್ನ ಯೋಚನೆ.

ಪಾಸ್‌ಬುಕ್ ಬೇರೆಯೇ ಮನುಷ್ಯನಾದ. ಎಲೆಯನ್ನು ಪೂರ್ತಿ ತೆರೆದು ನೋಡಿದ. ಏರಿಸಿದ. ಒಂದು ಆಟದಲ್ಲಿ ಏಳರ ಮೇಲಿನ ಎಲೆಯಿಲ್ಲದ ಕೈಯಿಂದ ನನ್ನನ್ನು ಓಡಿಸಿದ, ಓಡಿಸಿದ್ದನ್ನು ತೋರಿಸಲೂ ಇಲ್ಲ. ನಾನು ಆಮೇಲೆ ಕೇಳಿದಾಗ ಹೇಳಿದ. ಮಹಾರಾಜನದ್ದು ಇದಕ್ಕಿಂತ ತಮಾಷೆ. ಮತ್ತೆ ಮತ್ತೆ ಜೇಬಿಗೆ ಕೈ ಹಾಕುವ ಅನುಕೂಲ ಇಲ್ಲವೆಂದಾದಾಗ ಮೊದಲ ಬಾರಿಗೆ ಎಲೆ ನೋಡಿ ಆಡಿದ, ಕೊನೆಯ ಹತ್ತು ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತ. ಆದರೆ ನೋಡುವಾ ನೋಡುವಾನೇ, ಒಂದು ಬೀಜ ಉಳಿದರೂ ಅದನ್ನು ಹಾಕಿ ನೋಡಿಯೇ ನೋಡಿದ. ಭಾಗವತನ ಬಾಯಿ ಬೀಜಕ್ಕೂ ನಿಲ್ಲಲಿಲ್ಲ. ಆದ್ದರಿಂದ ಸ್ವಭಾವವೆಂಬುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಕುತೂಹಲ, ಮಾತು, ಇವು ಹುಟ್ಟುಗುಣ ಇರಬಹುದು. ಧೈರ್ಯ-ಭಯಗಳ ವಿಷಯದಲ್ಲಿ ಮಾತ್ರ ಮೊದಲು ಜೇಬು ನೋಡಬೇಕು.

ಇನ್ನು ಆಡಿಟರ್? ಮೊದಲು ಬೀಜ ಮುಗಿದದ್ದು ನನ್ನದೇ. ನನ್ನ ಅಷ್ಟೂ ದಿನದ ಗೆಲುವಿನಲ್ಲಿ ಲೆಕ್ಕದ ಪಾಲು ಎಷ್ಟು, ಎದುರಿನವನ ಹೆದರಿಕೆಯ ಪಾಲು ಎಷ್ಟು ಎಂದು ಆ ದಿನ ಗೊತ್ತಾಯಿತು.

"ಬೀಜದಲ್ಲಿ ಏನೂ ಹೋಗುವುದಿಲ್ಲ, ಹಾಗಾಗಿ ಅದು ಆಟವೇ ಅಲ್ಲ" ಎಂದು ಮಹಾರಾಜ ತಕರಾರು ತೆಗೆದ. ಅವನ ಮಾತಿನಲ್ಲೂ ಸತ್ಯವುಂಟು. ಒಂದಿಷ್ಟು ಹೋಗದಿದ್ದರೆ ಯಾರೂ ಯೋಚಿಸಿ ಆಡುವುದಿಲ್ಲ. ಕೊನೆಗೆ ಒಪ್ಪಂದಕ್ಕೆ ಬಂದೆವು. ಬೂಟ್ ಒಂದೇ ರೂಪಾಯಿ, ಹಬ್ಬಕ್ಕೂ ಅಷ್ಟೇ. ಒಬ್ಬೊಬ್ಬರು ತರುವುದು ಐವತ್ತು ರೂಪಾಯಿ ಚಿಲ್ಲರೆ, ಫೋನಿನಿಂದ ಕಳಿಸುವಂತಿಲ್ಲ. ಆಟದಲ್ಲಿ ಸಾಲ ಇಲ್ಲ. ಪ್ಯಾಕ್ ಮಾಡಿದವನ ಎಲೆ ಯಾರೂ ಮಗುಚಬಾರದು. ಗೆದ್ದವನು ತಿಂಡಿ ಕೊಡಿಸಬೇಕು.

ಸಾಲದ ವಿಷಯದಲ್ಲಿ ಕಾಮರ್ಸ್ ಮಿತ್ರರಿಗೆ ಒಂದು ನೆನಪು. 1872ರ ಕರಾರು ಕಾಯಿದೆಯ 30ನೆಯ ಕಲಮಿನ ಪ್ರಕಾರ ಪಣದ ಒಪ್ಪಂದ ಅನೂರ್ಜಿತ. ಜೂಜಿನಲ್ಲಿ ಗೆದ್ದದ್ದನ್ನು ಕೊಡಿಸಿ ಎಂದು ದಾವೆ ಹೂಡುವಂತಿಲ್ಲ. ಹಣ ಕಟ್ಟಿ ಫೋನಿನಲ್ಲಿ ಆಡುವ ಆಟಗಳನ್ನಂತೂ, ಕೌಶಲವೋ ಅದೃಷ್ಟವೋ ಎಂದು ಭೇದ ಮಾಡದೆ, ಸಂಸತ್ತು 2025ರ ಆಗಸ್ಟಿನಲ್ಲಿ ಕಾಯಿದೆ ಮಾಡಿ ನಿಷೇಧಿಸಿತು. ಆದರೆ ಗೆಳೆಯರ ನಡುವಿನ ಬಾಕಿಗೆ ಕೋರ್ಟು ಬೇಕಾಗುವುದಿಲ್ಲ. ಕಾಯಿದೆ ಕೇಳದ ಬಾಕಿಯನ್ನು ಮರ್ಯಾದೆ ಕೇಳುತ್ತದೆ. ಪಾಸ್‌ಬುಕ್ ನನಗೆ ಕೊಡಬೇಕಾದ್ದೇ ಇಲ್ಲದ 180 ರೂಪಾಯಿಯನ್ನು ಎರಡು ವಾರ ರಾತ್ರಿಯೂಟ ಬಿಟ್ಟು ಕೊಟ್ಟನೋ ಏನೋ, ನಾನು ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಆ ದುಡ್ಡನ್ನು ವಾಪಸು ಕೊಡಲು ಹೋದೆ. "ಆಟದ ದುಡ್ಡಲ್ವಾ ಮಾರಾಯ, ಬಿಡು" ಎಂದು ಕೈ ಸರಿಸಿದ. ಬಲವಂತ ಮಾಡಿದರೆ ಮತ್ತೊಮ್ಮೆ ಅವನ ಎಲೆ ಮಗುಚಿದ ಹಾಗೆ ಆಗುತ್ತದೆ ಎಂದು ಸುಮ್ಮನಾದೆ. ಅದು ಇನ್ನೂ ನನ್ನ ಹತ್ತಿರವೇ ಉಂಟು. ಮುಂದಿನ ಸೆಮಿಸ್ಟರಿನ ಫಾರ್ಮು ತುಂಬುವ ದಿನ ಅವನಿಗಿಂತ ಮೊದಲು ಕಿಟಕಿಯ ಹತ್ತಿರ ಹೋಗಿ ನಿಲ್ಲಬೇಕು ಎಂದಿದ್ದೇನೆ. ಈ ಸಂಚಿಕೆ ಅಷ್ಟರೊಳಗೆ ಅವನ ಕೈಗೆ ಸಿಕ್ಕರೆ ಆ ಉಪಾಯವೂ ಕೆಟ್ಟಿತು.

ಓದುಗ ಮಿತ್ರರೇ, ನಿಮ್ಮ ಗುಂಪಿನಲ್ಲೂ ಒಬ್ಬ ಪುಕ್ಕಲ ಇದ್ದೇ ಇರುತ್ತಾನೆ. ಪಿಕ್ನಿಕ್ಕಿಗೆ ಬಾರದವನು, ಕ್ಯಾಂಟೀನಿನಲ್ಲಿ ಹಸಿವಿಲ್ಲ ಎನ್ನುವವನು, ಕಲರ್ ಇಟ್ಟುಕೊಂಡು ಪ್ಯಾಕ್ ಮಾಡುವವನು. ಅವನಿಗೊಂದು ಅಡ್ಡಹೆಸರು ಇಡುವ ಮೊದಲು, ಆ ದಿನ ಅವನ ಜೇಬಿನಲ್ಲಿದ್ದದ್ದು ಯಾವ ದುಡ್ಡು ಎಂದು ಸ್ವಲ್ಪ ಯೋಚಿಸಿ. ನಾನು ಯೋಚಿಸಿರಲಿಲ್ಲ.